ರೇಷ್ಮೆ ಕಸುಬು, ಅಲರ್ಜಿ ಮತ್ತು ಉಬ್ಬಸ

ಕಾಫಿ ಸಂಸ್ಕರಣೆಯಲ್ಲಿ ಹಸಿ ಬೀಜದ ಧೂಳು ಕೆಲವರಿಗೆ ಸೀನು, ಕೆಮ್ಮು, ಉಬ್ಬಸ ತರುವುದನ್ನು ನಾವು ಬಲ್ಲೆವು. ಇಂಥದೇ ತೊಂದರೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ರೇಷ್ಮೆ ಕಸುಬಿನಲ್ಲೂ ಉಂಟು.

ಗೂಡು ಬೇಯಿಸಿ ನೂಲು ತೆಗೆಯುವಾಗ ರೇಷ್ಮೆಯ ಅಂಟು ಹಾಗೂ ಕೋಶದ ಸೂಕ್ಷ್ಮ ಕಣಗಳು ಆವಿಯೊಡನೆ ಗಾಳಿಗೆ ಸೇರುತ್ತವೆ. ಕೆಲವರ ದೇಹ ಇವನ್ನು ಶತ್ರುವೆಂದು ಭಾವಿಸಿ, ಎದುರಿಸಲು ಪ್ರತಿಕಾಯಗಳನ್ನು ತಯಾರಿಸುತ್ತದೆ. ಇದೇ ಅಲರ್ಜಿ. ಮತ್ತೆ ಅದೇ ಕಣ ಒಳಹೊಕ್ಕಾಗ ಮೂಗಿನಲ್ಲಿ ನೀರು ಸುರಿಯುತ್ತದೆ. ಶ್ವಾಸನಾಳ ಊದಿಕೊಂಡು, ಬಿಗಿದು, ಕಫ ಕಟ್ಟಿದರೆ ಅದೇ ಉಬ್ಬಸ. ಅಲರ್ಜಿ ಇದ್ದವರಿಗೆಲ್ಲ ಉಬ್ಬಸ ಬರುವುದಿಲ್ಲ. ಉಬ್ಬಸವೆಲ್ಲ ಅಲರ್ಜಿಯಿಂದಲೇ ಬಂದುದೂ ಅಲ್ಲ. ಸೌದೆಯ ಹೊಗೆ, ಬೀಡಿ, ಹುಳುಮನೆಗೆ ಬಳಸುವ ಫಾರ್ಮಲಿನ್ ಮತ್ತು ಬ್ಲೀಚಿಂಗ್ ಪುಡಿಯ ಘಾಟು ಇದ್ದ ಉಬ್ಬಸವನ್ನು ಕೆರಳಿಸುತ್ತವೆ.

ರೇಷ್ಮೆ ನೂಲಿನ ಕಾರ್ಖಾನೆಗಳಲ್ಲಿ ಈ ಉಬ್ಬಸವಿರುವುದನ್ನು 1985ರಲ್ಲಿ ಪ್ರಕಟವಾದ ಭಾರತೀಯ ಅಧ್ಯಯನವೊಂದು ತೋರಿಸಿತು. 1991ರ ಶ್ರೀಲಂಕಾದ ಅಧ್ಯಯನದಲ್ಲಿ ಪರೀಕ್ಷಿಸಿದ ಕೆಲಸಗಾರರ ಪೈಕಿ ಸುಮಾರು ಮೂರರಲ್ಲೊಂದು ಪಾಲಿನವರಿಗೆ ಉಬ್ಬಸವಿತ್ತು.

ಹೆಚ್ಚು ಅಪಾಯ ಯಾರಿಗೆ? ಬಾಣಲೆಯ ಮುಂದೆ ದಿನವಿಡೀ ಕೂರುವ ಹೆಣ್ಣಾಳು ಗಂಡಾಳುಗಳಿಗೆ, ಗೂಡು ಬಿಡಿಸುವವರಿಗೆ, ಚಂದ್ರಿಕೆ ಕೊಡಹುವವರಿಗೆ. ತಂದೆತಾಯಿಗೆ ಉಬ್ಬಸ, ಅಲರ್ಜಿ ಇದ್ದರೆ ಮಕ್ಕಳಿಗೂ ಬರುವ ಸಂಭವ ಹೆಚ್ಚು. ಹುಳು ಸಾಕುವ ಕೋಣೆಯಲ್ಲೇ ಮಲಗುವ ಕುಟುಂಬದವರು ಹಗಲಿರುಳೂ ಆ ಗಾಳಿಯನ್ನೇ ಉಸಿರಾಡುತ್ತಾರೆ.

ಗುರುತಿಸುವುದು ಕಷ್ಟವಲ್ಲ. ಕೆಲಸದ ದಿನ ಸಂಜೆ ಅಥವಾ ರಾತ್ರಿ ಎದೆ ಬಿಗಿದು, ರಜೆಯಲ್ಲಿ ಊರಿಗೆ ಹೋದಾಗ ಹಗುರವಾದರೆ ಕಸುಬಿನ ಕಡೆ ಸಂಶಯ ಪಡಬೇಕು. ಇದನ್ನು ಬರೀ ನೆಗಡಿಯೆಂದು ತಳ್ಳಿಹಾಕಿ ವರ್ಷಗಟ್ಟಲೆ ದುಡಿದರೆ, ಮುಂದೆ ಕಸುಬು ಬಿಟ್ಟರೂ ಉಬ್ಬಸ ಬಿಡದಿರಬಹುದು. ಆದುದರಿಂದ ವೈದ್ಯರಿಗೆ ತೊಂದರೆಯ ಜೊತೆಗೆ ಕೆಲಸವನ್ನೂ ತಿಳಿಸಬೇಕು. ಉಸಿರಿನೊಡನೆ ಎಳೆದುಕೊಳ್ಳುವ ಔಷಧಿ ಚಟವಾಗುತ್ತದೆಂಬ ಭಯ ಬೇಡ. ಅದು ನೇರವಾಗಿ ಶ್ವಾಸನಾಳಕ್ಕೆ ತಲುಪುತ್ತದೆ. ಹಗುರವಾಯಿತೆಂದು ನಡುವೆ ನಿಲ್ಲಿಸಬಾರದು.

ಬಿಚ್ಚಾಣಿಕೆ ಮನೆಯ ಆವಿ ಹೊರಹೋಗಲು ಎತ್ತರದ ಕಿಟಕಿ, ಫ್ಯಾನು ಇರಲಿ. ಒಣಕಸ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿರಿ. ಹುಳುಮನೆಯನ್ನು ವಾಸದ ಮನೆಯಿಂದ ಬೇರ್ಪಡಿಸಿರಿ. ಹೀಗೆ ಮಾಡಿದರೆ ಕೂಲಿಯೂ ಉಳಿದೀತು, ಉಸಿರೂ ಉಳಿದೀತು.