ಗಾಡಿಯ ನಕ್ಷೆ ಸಿದ್ಧ, ಎತ್ತಿನದೇ ಚಿಂತೆ

ಶಬ್ದಕ್ಕಿಂತ ವೇಗವಾಗಿ ಹಾರುತ್ತಿದ್ದ ಪ್ರಯಾಣಿಕ ವಿಮಾನ ಕಾಂಕಾರ್ಡ್, ಹಾರುವಾಗ ಬಿಸಿಗೆ ಹಿಗ್ಗಿ ಸುಮಾರು ಒಂದು ಗೇಣು ಉದ್ದವಾಗುತ್ತಿತ್ತು. ಕಾಕ್‌ಪಿಟ್‌ನಲ್ಲಿ ಫ್ಲೈಟ್ ಎಂಜಿನಿಯರ್‌ನ ಫಲಕದ ಪಕ್ಕ ಒಂದು ಸಂದು ಬಿಡುತ್ತಿತ್ತು. ಇಳಿದು ತಣಿದರೆ ಮುಚ್ಚಿಕೊಳ್ಳುತ್ತಿತ್ತು. 2003ರಲ್ಲಿ ಸೇವೆ ನಿಲ್ಲುವ ಹೊತ್ತಿಗೆ ಕೆಲವು ಎಂಜಿನಿಯರುಗಳು ತಮ್ಮ ಟೋಪಿಯನ್ನು ಆ ಸಂದಿಗೆ ತುರುಕಿದರು. ಲೋಹ ಅದನ್ನು ಕಚ್ಚಿಕೊಂಡಿತು. ಕತ್ತರಿಸದೆ ಬಿಡಿಸಬೇಕೆಂದರೆ ಆ ವಿಮಾನ ಮತ್ತೊಮ್ಮೆ ಸದ್ದನ್ನು ಹಿಂದೆ ಹಾಕಬೇಕು.

ಆ ವಿಮಾನವಂತೂ ಇನ್ನು ಹಾರುವುದಿಲ್ಲ. ಆದರೆ 2025ರ ಜನವರಿ 28ರಂದು ಕ್ಯಾಲಿಫೋರ್ನಿಯಾದ ಮೊಹಾವಿಯಲ್ಲಿ ಬೂಮ್ ಕಂಪನಿಯ ಪುಟ್ಟ ಎಕ್ಸ್‌ಬಿ-1 ಶಬ್ದದ ವೇಗ ದಾಟಿತು. ಎಲ್ಲರೂ ಅದರ ಚೂಪು ಮೂತಿಯನ್ನೇ ನೋಡಿದರು. ನನ್ನ ಕಣ್ಣು ಹೋದದ್ದು ಹಿಂಬದಿಗೆ. ಅಲ್ಲಿದ್ದ ಮೂರೂ ಜೆ85 ಎಂಜಿನ್‌ಗಳು 1950ರ ದಶಕದ ವಿನ್ಯಾಸದವು.

ಕಂಪನಿಗೆ ನಿಜವಾಗಿ ಕಟ್ಟಬೇಕಿರುವುದು ಓವರ್ಚರ್ ಎಂಬ ಪ್ರಯಾಣಿಕ ವಿಮಾನ: 60ರಿಂದ 80 ಜನ, ಶಬ್ದದ 1.7 ಪಟ್ಟು ವೇಗ. ಅದಕ್ಕೆ ಎಂಜಿನ್ ಕೊಡಬಹುದೆಂದಿದ್ದ ರೋಲ್ಸ್-ರಾಯ್ಸ್ 2022ರ ಸೆಪ್ಟೆಂಬರ್‌ನಲ್ಲಿ ಕೈಬಿಟ್ಟಿತು. ಡಿಸೆಂಬರ್‌ನಲ್ಲಿ ಬೂಮ್, ಬೇರೆ ಕೆಲವು ಕಂಪನಿಗಳ ಜೊತೆ ಸೇರಿ ತಾನೇ ಎಂಜಿನ್ ಮಾಡಿಕೊಳ್ಳುವುದಾಗಿ ಸಾರಿತು, ಹೆಸರು ಸಿಂಫನಿ. ಒಲೆ ಹಚ್ಚಲು ಕಲಿಯುವ ಮೊದಲೇ ಮದುವೆ ಅಡುಗೆಗೆ ವೀಳ್ಯ ಹಿಡಿದಂತಾಯಿತು ಎಂದು ನಕ್ಕವರಲ್ಲಿ ನಾನೂ ಒಬ್ಬ.

ಕಷ್ಟ ಎಲ್ಲಿದೆ? ಇಂದಿನ ವಿಮಾನದ ಎಂಜಿನ್ ಮುಂದೆ ದೊಡ್ಡ ಫ್ಯಾನ್ ಇದೆ. ಬಹುಪಾಲು ಗಾಳಿ ಒಳಗೆ ಉರಿಯದೆ ಸುತ್ತಲಿಂದಲೇ ಸಾಗುತ್ತದೆ. ಹೆಚ್ಚು ಗಾಳಿಯನ್ನು ನಿಧಾನವಾಗಿ ತಳ್ಳುವುದರಿಂದ ಸದ್ದು ಕಡಿಮೆ, ಇಂಧನವೂ ಉಳಿತಾಯ. ಶಬ್ದದ ವೇಗ ದಾಟಿದ ಮೇಲೆ ಮಾತ್ರ ಆ ಅಗಲ ಮುಖವೇ ಹೊರೆ. ಸಣ್ಣದು ಮಾಡಿದರೆ ವೇಗ ಸಲೀಸು, ಆದರೆ ಟೇಕಾಫ್ ಹೊತ್ತಿಗೆ ಊರೇ ಕಿವಿ ಮುಚ್ಚಿಕೊಳ್ಳಬೇಕು. ಕಾಂಕಾರ್ಡ್‌ನ ಒಲಿಂಪಸ್ ಎಂಜಿನ್ ಅದೇ ಜಾತಿಯದು. ನೆಲ ಬಿಡುವಾಗ ಹೊರಬರುವ ಬಿಸಿ ಗಾಳಿಗೇ ಇನ್ನಷ್ಟು ಇಂಧನ ಸುರಿದು ಉರಿಸುತ್ತಿತ್ತು. ಹಾಗೆ ಸುರಿಯದೆ, ಮಧ್ಯಮ ಗಾತ್ರದ ಫ್ಯಾನ್‌ನಲ್ಲೇ ವೇಗ, ಸದ್ದು ಎರಡನ್ನೂ ನಿಭಾಯಿಸುವುದು ಸಿಂಫನಿಯ ಪಣ. ಸಾಲದ್ದಕ್ಕೆ, ನುಗ್ಗಿ ಬರುವ ಗಾಳಿ ಬ್ಲೇಡು ಮುಟ್ಟುವ ಮೊದಲು ಶಬ್ದದ ವೇಗಕ್ಕಿಂತ ಕೆಳಗಿಳಿಯಲೇಬೇಕು. ಕಾಂಕಾರ್ಡ್‌ನ ಗಾಳಿಬಾಯಲ್ಲಿ ಚಲಿಸುವ ಹಲಗೆಗಳು ಈ ಕೆಲಸ ಮಾಡುತ್ತಿದ್ದವು. ಎಂಜಿನ್ನಿಗಿಂತ ಆ ಬಾಯೇ ದೊಡ್ಡ ಜಾಣತನ ಎನ್ನುವೆ.

ಶಬ್ದದ ವೇಗ ದಾಟಿದ ವಿಮಾನದಿಂದ ನೆಲಕ್ಕೆ ಕೇಳುವ ಗುಡುಗಿನ ಮಾತು ಬೇರೆ. ಅದನ್ನು ತಗ್ಗಿಸಲೆಂದೇ ಕಟ್ಟಿದ ನಾಸಾದ ಎಕ್ಸ್-59, 2025ರ ಅಕ್ಟೋಬರ್ 28ರಂದು ಮೊದಲ ಸಲ ಹಾರಿತು. ಮೂಗು ಎಷ್ಟು ಉದ್ದವೆಂದರೆ ಪೈಲಟ್‌ಗೆ ಮುಂದಿನ ಕಿಟಕಿಯೇ ಇಲ್ಲ, ಪರದೆ ನೋಡಿಯೇ ಹಾರಿಸಬೇಕು. ಬೆನ್ನ ಮೇಲಿರುವುದು ಎಫ್414 ಎಂಜಿನ್. ಬೆಂಗಳೂರಿನ ಯುದ್ಧವಿಮಾನ ತೇಜಸ್ ಮಾರ್ಕ್-2ಕ್ಕೆ ಆರಿಸಿದ್ದೂ ಅದೇ ವಂಶದ್ದು.

ಸಿಂಫನಿಯ ಕಥೆಗೆ 2025ರ ಡಿಸೆಂಬರ್‌ನಲ್ಲಿ ತಿರುವು ಸಿಕ್ಕಿತು. ಅದರ ಒಡಲನ್ನೇ ಬಳಸಿ, ಎಐ ಡೇಟಾ ಸೆಂಟರ್‌ಗಳಿಗೆ 42 ಮೆಗಾವ್ಯಾಟ್ ವಿದ್ಯುತ್ ಕೊಡುವ ಟರ್ಬೈನ್ ಮಾರುವುದಾಗಿ ಬೂಮ್ ಹೇಳಿತು. 29 ಯಂತ್ರಗಳಿಗೆ ಬೇಡಿಕೆಯೂ ಬಂತು. ಈ ಸಲ ನಾನು ನಗಲಿಲ್ಲ. ನೆಲದಲ್ಲಿ ಹಗಲಿರುಳು ಓಡಿದ ಯಂತ್ರವನ್ನು ಬಿಚ್ಚಿ ನೋಡಿದರೆ ಯಾವ ಬ್ಲೇಡು ಎಲ್ಲಿ ಸವೆಯಿತೆಂದು ತಿಳಿಯುತ್ತದೆ, ಕೈಗೆ ಕಾಸೂ ಬರುತ್ತದೆ. ಗಾಡಿ ಎಳೆಯಬೇಕಾದ ಎತ್ತನ್ನು ಸದ್ಯಕ್ಕೆ ಗಾಣಕ್ಕೆ ಕಟ್ಟುತ್ತಿದ್ದಾರೆ.