ಬರದ ಸೀಮೆಯಲ್ಲಿ ಬಾಟಲಿ ತೋಟ

ಒಣಬೇಸಾಯದವನು ಮನೆಯೊಳಗೆ ಗಿಡ ಬೆಳೆಸುವುದರ ಬಗ್ಗೆ ಬರೆದರೆ ನಗುವವರು ಇದ್ದಾರೆ. ನಮ್ಮದು ಹಿರಿಯೂರು ತಾಲೂಕಿನ ಜವನಗೊಂಡನಹಳ್ಳಿ. ಶಿರಾ ದಾಟಿ ಹಿರಿಯೂರಿಗೆ ಹೋಗುವ ಹೆದ್ದಾರಿಯಲ್ಲಿ ಸಿಗುವ ಊರು. ಶೇಂಗಾ, ರಾಗಿ, ತೊಗರಿ ಅಂತ ಮೋಡ ನೋಡಿ ಬಿತ್ತುವವರು ನಾವು. ನಂಬಿಕೆಯ ಮಳೆ ಬರುವುದೇ ಉತ್ತರೆ, ಹಸ್ತ, ಚಿತ್ತೆಯಲ್ಲಿ. ಬೇಸಿಗೆಯಲ್ಲಿ ಕುಡಿಯುವ ನೀರಿಗೆ ಟ್ಯಾಂಕರ್ ಕಾದ ವರ್ಷಗಳೂ ಉಂಟು. ಹಾಗಾಗಿ ನಮ್ಮ ಸೊಸೆ ಕೇಳಿದ ಪ್ರಶ್ನೆ ಸರಿಯಾದದ್ದೇ: "ಮಾವ, ಕೊಡ ಹಿಡ್ಕೊಂಡು ಸಾಲಲ್ಲಿ ನಿಲ್ಲೋಳು ನಾನು. ಆ ನೀರು ಶೋಕಿ ಗಿಡಕ್ಕೆ ಹೋಗೋದು ಯಾವ ನ್ಯಾಯ?"

ಅವಳ ಮಾತಿನಿಂದ ಮನೆಯಲ್ಲಿ ಒಂದು ಕಟ್ಟಳೆ ಆಯಿತು. ಕುಡಿಯಲು ತಂದ ನೀರನ್ನು ಒಂದು ಚಮಚವೂ ಗಿಡಕ್ಕೆ ಹಾಕಬಾರದು. ಆ ಕಟ್ಟಳೆಯೊಳಗೇ ಇವತ್ತು ನಮ್ಮ ಪಡಸಾಲೆಯಲ್ಲಿ ಹನ್ನೊಂದು ಕುಂಡ, ನಾಲ್ಕು ಗಾಜಿನ ಬಾಟಲಿ ತೋಟ ಇವೆ. ಅದು ಹೇಗೆ ಅನ್ನುವುದೇ ಈ ಬರಹ.

ಮೊದಲು ಬಾಟಲಿಯ ವಿಚಾರ ಹೇಳುತ್ತೇನೆ. ಪೇಟೆಯಲ್ಲಿ ಇದಕ್ಕೆ ಟೆರೇರಿಯಂ ಅಂತಾರೆ. ಬೆಂಗಳೂರಿನ ಅಂಗಡಿಗಳಲ್ಲಿ ಚೆಂದದ ಗಾಜಿನ ಬುರುಡೆಗೆ ಹೇಳುವ ರೇಟು ಕೇಳಿದರೆ ಒಂದು ಚೀಲ ಗೊಬ್ಬರ ತರಬಹುದಿತ್ತಲ್ಲ ಅನ್ನಿಸುತ್ತೆ. ನಮಗೆ ಆ ಬುರುಡೆ ಬೇಕಿಲ್ಲ. ಉಪ್ಪಿನಕಾಯಿ ಹಾಕುವ ಗಾಜಿನ ಭರಣಿ, ಅಂಗಡಿಯಲ್ಲಿ ಪೆಪ್ಪರಮೆಂಟು ಇಡುತ್ತಿದ್ದ ದೊಡ್ಡ ಗಾಜಿನ ಡಬ್ಬಿ, ಅಟ್ಟದ ಮೇಲೆ ಬಿದ್ದಿರುವ ಹಳೇ ಹಾರ್ಲಿಕ್ಸ್ ಬಾಟಲಿ, ಯಾವುದಾದರೂ ಆದೀತು. ಬಾಯಿ ಅಗಲ ಇದ್ದು ಕೈ ಹೋದರೆ ಕೆಲಸ ಸಲೀಸು.

ಇದನ್ನು ಕಂಡುಹಿಡಿದದ್ದು ತೋಟಗಾರನಲ್ಲ, ಲಂಡನ್ನಿನ ಒಬ್ಬ ಡಾಕ್ಟರು. ಹೆಸರು ನಥಾನಿಯಲ್ ವಾರ್ಡ್. ಊರಿನ ಕಲ್ಲಿದ್ದಲ ಹೊಗೆಗೆ ಅವನ ಜರಿಗಿಡಗಳೆಲ್ಲ ಸಾಯುತ್ತಿದ್ದವು. 1829ರಲ್ಲಿ ಒಂದು ಪತಂಗದ ಕೋಶ ಒಡೆಯುವುದನ್ನು ನೋಡಲೆಂದು ಅದನ್ನು ಹಸಿ ಮಣ್ಣಿನಲ್ಲಿಟ್ಟು ಬಾಟಲಿಗೆ ಮುಚ್ಚಳ ಹಾಕಿದ. ಆ ಮಣ್ಣಿನಲ್ಲಿ ತಾನಾಗಿ ಒಂದು ಜರಿಗಿಡ, ಒಂದು ಹುಲ್ಲು ಹುಟ್ಟಿದವು. ಹೊರಗೆ ಸಾಯುವ ಗಿಡ ಒಳಗೆ ನೀರು ಹಾಕದೆ ಮೂರು ನಾಲ್ಕು ವರ್ಷ ಬದುಕಿತು. ಆಮೇಲೆ ಇದೇ ಉಪಾಯದಲ್ಲಿ ಮರ, ಗಾಜಿನ ಪೆಟ್ಟಿಗೆ ಮಾಡಿಸಿದರು. 1833ರಲ್ಲಿ ಅಂಥ ಪೆಟ್ಟಿಗೆಯಲ್ಲಿ ಗಿಡಗಳು ಹಡಗಿನ ಮೇಲೆ ಆಸ್ಟ್ರೇಲಿಯಾದ ಸಿಡ್ನಿಗೆ ಜೀವಂತ ತಲುಪಿದವು. ಚೀನಾದ ಚಹಾ ಸಸಿ ಹಿಮಾಲಯದ ತಪ್ಪಲಿಗೆ ಬಂದದ್ದು, ಮಲೇರಿಯಾ ಔಷಧಿಯ ಸಿಂಕೋನಾ ನೀಲಗಿರಿಗೆ ಬಂದದ್ದು ಇದೇ ಪೆಟ್ಟಿಗೆಗಳಲ್ಲಿ. ನಾವು ಕುಡಿಯುವ ಟೀ ಹಿಂದೆ ಒಂದು ಮುಚ್ಚಿದ ಗಾಜಿದೆ ಅಂತ ನನಗೂ ಮೊದಲು ಗೊತ್ತಿರಲಿಲ್ಲ. ಮಗಳು ಕಾಲೇಜಿನ ಪುಸ್ತಕ ತಂದು ಓದಿ ಹೇಳಿದ್ದು.

ಒಳಗೆ ನಡೆಯುವುದು ಇಷ್ಟು. ಗಿಡ ಬೇರಿನಿಂದ ಎಳೆಯುವ ನೀರಿನಲ್ಲಿ ತನ್ನ ಮೈಗೆ ಇಟ್ಟುಕೊಳ್ಳುವುದು ಬಹಳ ಕಮ್ಮಿ. ನೂರಕ್ಕೆ 95ಕ್ಕಿಂತ ಹೆಚ್ಚು ಪಾಲು ಎಲೆಯಿಂದ ಆವಿಯಾಗಿ ಹೋಗುತ್ತೆ. ಹೊಲದಲ್ಲಿ ಆ ಆವಿಯನ್ನು ಗಾಳಿ ಹೊತ್ತೊಯ್ಯುತ್ತೆ. ಬಾಟಲಿಯಲ್ಲಿ ಅದಕ್ಕೆ ಹೋಗಲು ದಾರಿ ಇಲ್ಲ. ರಾತ್ರಿ ಗಾಜು ತಣ್ಣಗಾದಾಗ ಹನಿಯಾಗಿ ಕೂತು, ಇಳಿದು, ಮತ್ತೆ ಮಣ್ಣಿಗೇ ಸೇರುತ್ತೆ. ಬೆಳಿಗ್ಗೆ ಎದ್ದು ನೋಡಿದರೆ ಗಾಜಿನ ಒಳಮೈ ತುಂಬ ಇಬ್ಬನಿ. ನಮ್ಮ ಮೊಮ್ಮಗಳು "ತಾತ, ಬಾಟ್ಲೀಲಿ ಮಳೆ ಬಂತು" ಅಂತ ಕೂಗುತ್ತಾಳೆ. ಅವಳು ಹೇಳುವುದು ಸುಳ್ಳೇನಲ್ಲ. ಗಾಳಿಯೂ ಹಾಗೇ. ಬೆಳಕಿನಲ್ಲಿ ಎಲೆ ಇಂಗಾಲದ ಡೈ ಆಕ್ಸೈಡ್ ತಗೊಂಡು ಆಮ್ಲಜನಕ ಬಿಡುತ್ತೆ. ಗಿಡದ ಉಸಿರಾಟ, ಕೊಳೆಯುವ ತರಗು, ಮಣ್ಣಿನ ಸೂಕ್ಷ್ಮಜೀವಿಗಳು ಆ ಡೈ ಆಕ್ಸೈಡನ್ನು ಮತ್ತೆ ಒದಗಿಸುತ್ತವೆ. ಇಂಗ್ಲೆಂಡಿನಲ್ಲಿ ಒಬ್ಬರು 1960ರಲ್ಲಿ ದೊಡ್ಡ ಗಾಜಿನ ಬುರುಡೆಯೊಳಗೆ ಬಳ್ಳಿ ನೆಟ್ಟು, 1972ರಲ್ಲಿ ಕೊನೆಯ ಸಲ ನೀರು ಕೊಟ್ಟು ಮುಚ್ಚಿದರಂತೆ. ನಲವತ್ತು ವರ್ಷವಾದರೂ ಹಸಿರಾಗಿದೆ ಅಂತ 2013ರಲ್ಲಿ ಪತ್ರಿಕೆಗಳಲ್ಲಿ ಬಂದಿತ್ತು. ನನ್ನ ಬಾಟಲಿಗಳಿಗೆ ವರ್ಷದಲ್ಲಿ ಮೂರು ನಾಲ್ಕು ಸಲ ಎರಡೆರಡು ಚಮಚ ಬೇಕಾಗುತ್ತೆ. ನಮ್ಮ ಮುಚ್ಚಳ ಅಷ್ಟು ಬಿಗಿ ಇಲ್ಲ.

ಮಾಡುವ ಕ್ರಮ ಸುಲಭ. ಬಾಟಲಿ ತೊಳೆದು ಒಣಗಿಸಿ. ತಳಕ್ಕೆ ಎರಡು ಬೆರಳು ದಪ್ಪ ಸಣ್ಣ ಜಲ್ಲಿ. ಅದರ ಮೇಲೆ ಒಲೆಯ ಇದ್ದಿಲನ್ನು ಕಡಲೆ ಕಾಳಿನಷ್ಟು ಪುಡಿ ಮಾಡಿ ಒಂದು ಪದರ. ಬೂದಿ ಬೇಡ, ಇದ್ದಿಲೇ ಬೇಕು; ಕೆಟ್ಟ ವಾಸನೆ ಹೀರುತ್ತೆ. ಮೇಲೆ ಮೂರು ನಾಲ್ಕು ಬೆರಳು ಮಣ್ಣು. ನಾನು ಹಾಕುವುದು ಜರಡಿ ಹಿಡಿದ ಕೆಂಪು ಮಣ್ಣು ಒಂದು ಪಾಲು, ಮರಳು ಒಂದು ಪಾಲು, ಹೊಂಗೆ ಮರದ ಬುಡದಲ್ಲಿ ಕಳಿತ ತರಗಿನ ಪುಡಿ ಒಂದು ಪಾಲು. ಎರೆಭೂಮಿಯವರು ಕಪ್ಪು ಮಣ್ಣು ಹಾಕಬೇಡಿ, ಅಂಟು ಕಟ್ಟಿ ಬೇರು ಉಸಿರು ಕಟ್ಟುತ್ತೆ. ತಿಪ್ಪೆಗೊಬ್ಬರ, ಯೂರಿಯಾ ಎರಡೂ ಬೇಡ. ಬಾಟಲಿಯಲ್ಲಿ ಗಿಡ ನಿಧಾನ ಬೆಳೆಯಬೇಕು, ಕೊಬ್ಬಬಾರದು. ಮಣ್ಣನ್ನು ಮೊದಲೇ ಒದ್ದೆ ಮಾಡಿ, ಪ್ಲಾಸ್ಟಿಕ್ ಹಾಳೆ ಹೊದಿಸಿ, ಬಿಸಿಲ ಬಂಡೆ ಮೇಲೆ ನಾಲ್ಕು ದಿನ ಬಿಟ್ಟರೆ ಹುಳು, ಬೂಸ್ಟು ಕಮ್ಮಿಯಾಗುತ್ತೆ.

ನೀರು ಎಷ್ಟು ಅಂದರೆ, ಬಿತ್ತನೆ ಹದ. ಹಿಡಿ ಕಟ್ಟಿದರೆ ಉಂಡೆಯಾಗಬೇಕು, ಬೆರಳಲ್ಲಿ ತಿವಿದರೆ ಉದುರಬೇಕು. ರೈತನಿಗೆ ಇದಕ್ಕಿಂತ ಹೆಚ್ಚು ಹೇಳಬೇಕಿಲ್ಲ. ಎರಡು ಲೀಟರಿನ ಭರಣಿಗೆ ಒಂದು ಕಾಫಿ ಲೋಟ ನೀರು ಧಾರಾಳ. ಬೆಳಿಗ್ಗೆ ಇಬ್ಬನಿ ಕೂತು ಮಧ್ಯಾಹ್ನದ ಹೊತ್ತಿಗೆ ಗಾಜು ತಿಳಿಯಾದರೆ ಸರಿ ಇದೆ ಅಂತ ಅರ್ಥ. ಇಡೀ ದಿನ ಒಳಗಿನದು ಕಾಣದಷ್ಟು ಮುಸುಕಿದ್ದರೆ ನೀರು ಹೆಚ್ಚಾಗಿದೆ, ಅರ್ಧ ದಿನ ಮುಚ್ಚಳ ತೆಗೆದಿಡಿ. ವಾರವಾದರೂ ಇಬ್ಬನಿಯೇ ಕೂರದಿದ್ದರೆ ಎರಡು ಚಮಚ ಕೊಡಿ. ನೇರ ಬಿಸಿಲಿಗೆ ಮಾತ್ರ ಇಡಬೇಡಿ. ಕಿಟಕಿ ಗಾಜು ಏರಿಸಿ ಬಿಸಿಲಲ್ಲಿ ನಿಲ್ಲಿಸಿದ ಕಾರು ಹೇಗೆ ಕಾಯುತ್ತೋ ಹಾಗೇ ಕಾದು ಗಿಡ ಬೆಂದೇ ಹೋಗುತ್ತೆ. ಉತ್ತರದ ಕಿಟಕಿ ಹತ್ತಿರ, ಅಕ್ಷರ ಓದಲು ಸಾಕಾಗುವ ಬೆಳಕು ಇರುವ ಕಡೆ ಒಳ್ಳೆಯದು.

ಇನ್ನು ಯಾವ ಗಿಡ ಅನ್ನುವುದು. ಇಲ್ಲಿಯೇ ಬಹಳ ಜನ ಎಡವುತ್ತಾರೆ. ಕಳ್ಳಿ, ಲೋಳೆಸರ ನಮ್ಮ ಸೀಮೆಯವು, ನೀರು ಕಮ್ಮಿ ಬೇಕು ಅಂತ ಅವನ್ನೇ ಮುಚ್ಚಿದ ಬಾಟಲಿಗೆ ಹಾಕುತ್ತಾರೆ. ಹದಿನೈದು ದಿನದಲ್ಲಿ ಕೊಳೆತು ನಾರುತ್ತವೆ. ಮುಚ್ಚಿದ ಬಾಟಲಿಗೆ ಬೇಕಾದದ್ದು ತೇವ ಬಯಸುವ ಗಿಡ: ಜರಿಗಿಡ, ಪಾಚಿ, ನೇರಳೆ ಪಟ್ಟೆಯ ಹರಿದಾಡುವ ಬಳ್ಳಿ, ಮನಿ ಪ್ಲಾಂಟಿನ ಸಣ್ಣ ತುಂಡು.

ಬರದ ಸೀಮೆಯಲ್ಲಿ ಜರಿಗಿಡ ಎಲ್ಲಿಂದ ಬರಬೇಕು ಅಂತ ಕೇಳುತ್ತೀರಿ. ಹಳೇ ತೆರೆದ ಬಾವಿಗಳ ಒಳಗೋಡೆ ನೆನಪು ಮಾಡಿಕೊಳ್ಳಿ. ಕಲ್ಲಿನ ಸಂದಿಯಲ್ಲಿ ಕೊತ್ತಂಬರಿಯಂಥ ಎಲೆ, ಕೂದಲಿನಷ್ಟು ತೆಳ್ಳಗೆ ಕರ್ರಗೆ ಹೊಳೆಯುವ ದಂಟು. ಸಸ್ಯಶಾಸ್ತ್ರದವರು ಅಡಿಯಾಂಟಮ್ ಅನ್ನುತ್ತಾರೆ. ನಮ್ಮ ತಾತ ತೋಡಿಸಿದ ಬಾವಿಯಲ್ಲಿ ಈಜು ಕಲಿಯುವಾಗ ಅದನ್ನೇ ಹಿಡಿದು ನೇತಾಡಲು ಹೋಗಿ ಬೈಸಿಕೊಂಡವರು ನಾವೆಲ್ಲ. ಸುತ್ತಲೂ ಕೊಳವೆ ಬಾವಿ ಹೆಚ್ಚಿದಂತೆ ತೆರೆದ ಬಾವಿ ಬತ್ತಿದವು. 2003ರ ಬರದಲ್ಲಿ ನಮ್ಮದೂ ತಳ ಕಂಡಿತು. ಕಲ್ಲು ಒಣಗಿತು, ಜರಿಗಿಡ ಹೋಯಿತು. 2022ರಲ್ಲಿ ಬಂದ ಮಳೆ ಎಲ್ಲರಿಗೂ ಗೊತ್ತು. 1933ರ ನಂತರ ಮೊದಲ ಸಲ ವಾಣಿವಿಲಾಸ ಸಾಗರ ಕೋಡಿ ಬಿದ್ದ ವರ್ಷ ಅದು. ನಮ್ಮ ಬಾವಿಗೂ ನೀರು ಬಂತು. ಎರಡು ತಿಂಗಳು ಕಳೆದು ಬಗ್ಗಿ ನೋಡಿದರೆ ಕಲ್ಲಿನ ಸಂದಿಯಲ್ಲಿ ಅದೇ ಜರಿಗಿಡ! ಇವುಗಳಿಗೆ ಬೀಜ ಇಲ್ಲ. ಎಲೆಯ ಅಡಿಯಿಂದ ಉದುರುವ ಧೂಳಿನಂಥ ಬೀಜಾಣು ಗಾಳಿಯಲ್ಲಿ ಹಾರಿ ಬಂದು, ತೇವ ಸಿಕ್ಕಲ್ಲಿ ಹುಟ್ಟುತ್ತೆ. ಎಲ್ಲಿಂದ ಹಾರಿ ಬಂದಿತ್ತೋ ದೇವರೇ ಬಲ್ಲ.

ಆ ನೀರು ನಿಲ್ಲುವುದಿಲ್ಲ ಅಂತ ನನಗೆ ಗೊತ್ತಿತ್ತು. ಹಗ್ಗ ಕಟ್ಟಿಕೊಂಡು ಇಳಿದು, ಪಾಚಿ ಸಮೇತ ಮೂರು ಬುಡ ಕಿತ್ತು ತಂದು ಭರಣಿಗೆ ಹಾಕಿದೆ. 2023ರಲ್ಲಿ ಮಳೆ ಕೈಕೊಟ್ಟಿತು. ಬಾವಿ ಮತ್ತೆ ಒಣಗಿತು, ಹೊಲದಲ್ಲಿ ಶೇಂಗಾ ಒಣಗಿತು. ಭರಣಿಯೊಳಗಿನ ಜರಿ ಮಾತ್ರ ಸುರುಳಿ ಬಿಚ್ಚಿ ಹೊಸ ಎಲೆ ತೆಗೆಯುತ್ತಲೇ ಇತ್ತು. ಆ ವರ್ಷ ಸಂಜೆ ಹೊಲದಿಂದ ಬಂದವನು ಮೊದಲು ಹೋಗಿ ಕೂರುತ್ತಿದ್ದದ್ದು ಅದರ ಮುಂದೆ. ಅದರಿಂದ ಸಾಲ ತೀರಲಿಲ್ಲ. ಆದರೂ ಕಣ್ಣಿಗೆ ಹಸಿರು ಬೇಕು ಅನ್ನುವುದು ದನಕ್ಕೆ ಮಾತ್ರ ಅಲ್ಲ, ಮನುಷ್ಯನಿಗೂ ಇದೆ.

ಒಂದು ಎಚ್ಚರಿಕೆ. ಬಾವಿಯಿಂದ, ಹೊಲದ ಬದುವಿನಿಂದ ತನ್ನಿ, ಕಾಡಿನಿಂದ ಬೇಡ. ಜೋಗಿಮಟ್ಟಿ ವನ್ಯಜೀವಿಧಾಮ, ಅಲ್ಲಿ ಗಿಡ ಕೀಳುವುದು ಕಾನೂನಿಗೆ ವಿರುದ್ಧ. ಬದುವಿನಲ್ಲೂ ಹತ್ತು ಬುಡ ಇದ್ದರೆ ಒಂದು ತನ್ನಿ.

ಕಳ್ಳಿ ಜಾತಿಯವಕ್ಕೆ ತೆರೆದ ಕುಂಡ, ಬೆಳಕಿನ ಕಿಟಕಿ. ಲೋಳೆಸರ, ಮಂಗರವಳ್ಳಿ, ಕಾಡುಬಸಳೆ, ಹಾವಿನ ಪಟ್ಟೆಯ ನಾರುಗಿಡ ಎಲ್ಲ ಬದುವಿನಲ್ಲೋ ನೆಂಟರ ಹಿತ್ತಲಲ್ಲೋ ಸಿಗುತ್ತವೆ. ಇವುಗಳಲ್ಲಿ ಹೆಚ್ಚಿನವುಗಳ ಉಪಾಯವೇ ಬೇರೆ. ರಾಗಿ, ತೊಗರಿ ಹಗಲು ಎಲೆಯ ರಂಧ್ರ ತೆರೆದು ಗಾಳಿ ತಗೊಳ್ಳುತ್ತವೆ, ಆಗಲೇ ನೀರೂ ಕಳಕೊಳ್ಳುತ್ತವೆ. ಇವು ಹಗಲು ಬಾಗಿಲು ಹಾಕಿ, ರಾತ್ರಿ ತಂಪಲ್ಲಿ ತೆರೆಯುತ್ತವೆ. ಅದಕ್ಕೇ ಹದಿನೈದು ದಿನಕ್ಕೊಮ್ಮೆ ನೀರಾದರೂ ನಡೆಯುತ್ತೆ. ಕಳ್ಳಿ ಹಾಲು ಕಣ್ಣಿಗೆ ಬಿದ್ದರೆ ಅಪಾಯ, ಮಕ್ಕಳ ಕೈಗೆ ಸಿಗದ ಹಾಗೆ ಇಡಿ. ನರ್ಸರಿಯವರು ಕೊಡುವ ಬಿಳಿ ಚುಕ್ಕೆಯ ದೊಡ್ಡ ಎಲೆಯ ಡೈಫನ್‌ಬೇಕಿಯಾ ಕೂಡ ಹಾಗೆ. ಎಲೆ ಕಚ್ಚಿದರೆ ನಾಲಿಗೆ ಬಾತುಕೊಳ್ಳುತ್ತೆ.

ಮಣ್ಣಿನ ಕುಂಡ ನೋಡಲು ಚೆಂದ, ಆದರೆ ಕುಡಿಯುವ ನೀರಿನ ಮಡಕೆಯಂತೆ ಮೈಯಿಂದಲೇ ನೀರು ಬಿಡುತ್ತೆ. ಕೊಳೆಯುವ ಭಯ ಇರುವ ಕಳ್ಳಿಗೆ ಅದು ಒಳ್ಳೆಯದು. ಉಳಿದ ಗಿಡಕ್ಕೆ ತಳ ತೂತು ಮಾಡಿದ ಹಳೇ ಬಣ್ಣದ ಡಬ್ಬ ಮೇಲು. ಮಣ್ಣಿನ ಮೇಲೆ ಶೇಂಗಾ ಸಿಪ್ಪೆ ಹರಡಿ. ಕುಂಡಗಳನ್ನು ಒಂದಕ್ಕೊಂದು ತಾಗಿಸಿ ಗುಂಪಾಗಿ ಇಡಿ. ನಮ್ಮ ಕಡೆ ಆಷಾಢದ ಗಾಳಿ ಬಿಸಿಲಿಗಿಂತ ಕೆಟ್ಟದ್ದು, ಬಾಗಿಲಿನ ನೇರಕ್ಕೆ ಇಡಲೇಬಾರದು.

ನೀರು ಎಲ್ಲಿಯದು? ಅಕ್ಕಿ, ಬೇಳೆ, ತರಕಾರಿ ತೊಳೆದದ್ದು. ಹನ್ನೊಂದು ಕುಂಡಕ್ಕೆ ದಿನಕ್ಕೆ ಒಂದು ಚೊಂಬು ಸಾಕು, ಸರದಿಯಲ್ಲಿ ಹಾಕುತ್ತೇನೆ. ಸೋಪಿನ ನೀರು, ಉಪ್ಪು ಹಾಕಿದ ನೀರು ಇಲ್ಲ. ಕೊಳವೆ ಬಾವಿ ನೀರಿನ ಬಗ್ಗೆ ಒಂದು ಮಾತು. ನಮ್ಮ ಜಿಲ್ಲೆಯಲ್ಲಿ ಎಷ್ಟೋ ಕಡೆ ಅದರಲ್ಲಿ ಫ್ಲೋರೈಡ್ ಜಾಸ್ತಿ. ಕುಡಿಯುವ ನೀರಿಗೆ ಲೀಟರಿಗೆ 1.5 ಮಿಲಿಗ್ರಾಂ ಮೇಲ್ಮಿತಿ. ಹಲ್ಲು ಕೆಡಿಸುವ ಆ ಫ್ಲೋರೈಡ್ ಕೆಲವು ಗಿಡಗಳ ಎಲೆ ತುದಿಯನ್ನೂ ಸುಡುತ್ತೆ. ಬಿಳಿ ಗೆರೆಯ ಹುಲ್ಲಿನಂಥ ಸ್ಪೈಡರ್ ಪ್ಲಾಂಟ್, ಡ್ರಸೀನಾ ಇವುಗಳಲ್ಲಿ ಬೇಗ ಕಾಣುತ್ತೆ. ತುದಿ ಕಂದಾದರೆ ರೋಗ ಅಂತ ಔಷಧಿ ಹೊಡೆಯುವವರಿದ್ದಾರೆ. ನೀರು ಬದಲಿಸಿ ನೋಡಿ. ಶುದ್ಧ ನೀರಿನ ಘಟಕದಿಂದ ಹೊರಬಿಡುವ ನೀರಂತೂ ಇನ್ನೂ ಗಟ್ಟಿ ಉಪ್ಪು, ಕುಂಡಕ್ಕೆ ಬೇಡವೇ ಬೇಡ. ಮುಚ್ಚಿದ ಬಾಟಲಿಯಲ್ಲಿ ಉಪ್ಪು ಹೊರಗೆ ಹೋಗಲು ದಾರಿಯೇ ಇಲ್ಲದ್ದರಿಂದ ಅದಕ್ಕೆ ಮಳೆ ನೀರೇ ಆಗಬೇಕು. ಹಸ್ತ ಮಳೆಯಲ್ಲಿ ಸೂರಿನಡಿ ಹಿಡಿದ ಒಂದು ಕ್ಯಾನು ನಾಲ್ಕು ಬಾಟಲಿಗೆ ಎರಡು ಮೂರು ವರ್ಷಕ್ಕೆ ಆಗುತ್ತೆ. ನೀರಲ್ಲೇ ಮನಿ ಪ್ಲಾಂಟ್ ಇಡುವವರು ವಾರಕ್ಕೊಮ್ಮೆ ನೀರು ಬದಲಿಸಿ, ಕುಂಡದ ತಟ್ಟೆಯಲ್ಲಿ ನೀರು ನಿಲ್ಲಿಸಬೇಡಿ. ಡೆಂಗ್ಯೂ ಸೊಳ್ಳೆಗೆ ಅಷ್ಟೇ ಸಾಕು.

ಮನೆಯೊಳಗಿನ ಗಿಡ ವಿಷದ ಗಾಳಿ ಹೀರಿ ಶುದ್ಧ ಮಾಡುತ್ತೆ ಅಂತ ಮಾರುವವರು ಹೇಳುತ್ತಾರೆ. ಅಮೆರಿಕದ ನಾಸಾ 1989ರಲ್ಲಿ ಮಾಡಿದ ಪರೀಕ್ಷೆಯ ಹೆಸರು ತೆಗೆಯುತ್ತಾರೆ. ಆ ಪರೀಕ್ಷೆ ನಡೆದದ್ದು ಬಿಗಿಯಾಗಿ ಮುಚ್ಚಿದ ಪೆಟ್ಟಿಗೆಯೊಳಗೆ. 2019ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿ, ಕಿಟಕಿ ತೆರೆದಷ್ಟು ಗುಣ ಬರಬೇಕಾದರೆ ಒಂದು ಚದರ ಮೀಟರಿಗೆ ಕನಿಷ್ಠ ಹತ್ತು ಗಿಡ ಬೇಕು ಅಂದರು. ಅಷ್ಟಿಟ್ಟರೆ ಮಲಗುವುದೆಲ್ಲಿ? ಒಲೆ ಹೊಗೆಗೆ ಕಿಟಕಿ ತೆರೆಯಿರಿ. ಗಿಡವನ್ನು ನೋಡುವ ಸಂತೋಷಕ್ಕೆ ಇಟ್ಟುಕೊಳ್ಳಿ.

ಬಾಟಲಿ ತುಂಬಿ ಜರಿ ಗಾಜಿಗೆ ಒತ್ತಿಕೊಂಡಾಗ ಬುಡ ಸೀಳಿ ಬೇರೆ ಮಾಡಬೇಕು. ಮಳೆಗಾಲದ ತಂಪಿನಲ್ಲಿ ಮಾಡಿದರೆ ಬಾಡುವುದಿಲ್ಲ. ಕೊಳೆತ ಎಲೆ, ಬಿಳಿ ಬೂಸ್ಟು ಕಂಡರೆ ಬಿದಿರು ಕಡ್ಡಿಯಿಂದ ತೆಗೆದು, ಒಂದು ದಿನ ಗಾಳಿಯಾಡಲು ಬಿಡಿ. ಹಿಟ್ಟು ತಿಗಣೆ ಕುಂಡದ ಗಿಡಕ್ಕೆ ಬಂದರೆ ಸೋಪಿನ ನೀರಲ್ಲಿ ಅದ್ದಿದ ಹತ್ತಿಯಿಂದ ಒರೆಸಿ. ಸೀಳಿದ ಬುಡವನ್ನು ನೆಂಟರಿಗೆ ಕಳಿಸಲು ವಾರ್ಡ್ ಸಾಹೇಬನ ಉಪಾಯವೇ ಸಾಕು. ಕುಡಿದು ಬಿಸಾಡಿದ ನೀರಿನ ಪ್ಲಾಸ್ಟಿಕ್ ಬಾಟಲಿಯನ್ನು ನಡುವಿಗೆ ಕತ್ತರಿಸಿ, ಒದ್ದೆ ಪಾಚಿ ಸಮೇತ ಬುಡ ಕೂರಿಸಿ, ಮೇಲಿನ ಅರ್ಧ ಮುಚ್ಚಿ ಗಮ್ ಟೇಪ್ ಸುತ್ತಿ. ದಾವಣಗೆರೆಯ ನನ್ನ ತಂಗಿಗೆ ಹಾಗೆ ಬಸ್ಸಿನಲ್ಲಿ ಕಳಿಸಿದ್ದು ಅವಳು ಎಂಟು ದಿನ ಬಿಚ್ಚದೆ ಇಟ್ಟಿದ್ದರೂ ಎಲೆ ಉದುರಿರಲಿಲ್ಲ. ಟೇಪಿನ ಮೇಲೆ "ಬಿಸಿಲಲ್ಲಿ ಇಡಬೇಡ" ಅಂತ ಮಾತ್ರ ದೊಡ್ಡದಾಗಿ ಬರೆಯಿರಿ.