ಹಿಮದ ಖಳನಿಗೆ ಹೆಂಡತಿಯನ್ನು ಕೊಟ್ಟ ಕಾರ್ಟೂನ್

ಪುಣೆಯ ನಮ್ಮ ಮನೆಯಲ್ಲಿ ಒಂದು ಹಳೆಯ ಜಗಳವಿದೆ. "ಮೊದಲು ಪುಸ್ತಕ ಓದು, ಆಮೇಲೆ ನೋಡು" ಎನ್ನುವವನು ನಾನು. ಎಂಟನೇ ತರಗತಿಯ ಮಗ ಮೊದಲು ನೋಡುವವನು. ಮೂಲದಲ್ಲಿ ಇದ್ದದ್ದೇ ಸರಿ, ಪರದೆಗೆ ಬಂದದ್ದು ನೀರು ಬೆರೆಸಿದ ಹಾಲು ಎಂದು ಬಹಳ ವರ್ಷ ನಂಬಿದ್ದೆ. ಆ ನಂಬಿಕೆಯನ್ನು ಅಲ್ಲಾಡಿಸಿದ್ದು 1992ರಲ್ಲಿ ಅಮೆರಿಕದಲ್ಲಿ ಶುರುವಾದ 'ಬ್ಯಾಟ್‌ಮನ್: ದಿ ಆ್ಯನಿಮೇಟೆಡ್ ಸೀರೀಸ್'.

ಒಂದು ಭಾನುವಾರ ಮಗನ ಪಕ್ಕ ಕೂತು ಅದರ 'ಹಾರ್ಟ್ ಆಫ್ ಐಸ್' ಎಂಬ ಕಂತು ನೋಡಿದೆ. ಬರೆದವರು ಪಾಲ್ ಡೀನಿ, ನಿರ್ದೇಶನ ಬ್ರೂಸ್ ಟಿಮ್ ಅವರದು. ಖಳನಾಯಕ ಮಿಸ್ಟರ್ ಫ್ರೀಜ್. ಎಲ್ಲವನ್ನೂ ಹೆಪ್ಪುಗಟ್ಟಿಸುವ ಬಂದೂಕು ಹಿಡಿದ, ಗಾಜಿನ ಶಿರಸ್ತ್ರಾಣದ ಮನುಷ್ಯ. ಕಾಮಿಕ್ಸ್‌ನಲ್ಲಿ 1959ರಲ್ಲಿ ಅವನು ಮೊದಲು ಕಾಣಿಸಿಕೊಂಡಾಗ ಹೆಸರು ಮಿಸ್ಟರ್ ಝೀರೋ. ಮಂಜುಗಡ್ಡೆಯ ಬಂದೂಕಿನಿಂದ ಲೂಟಿ ಮಾಡುವ ಕಳ್ಳ, ಅಷ್ಟೇ. ಫ್ರೀಜ್ ಎಂಬ ಹೆಸರು ಬಂದದ್ದೂ 1966ರ ಟಿವಿ ಧಾರಾವಾಹಿಯಿಂದ.

ಕಾರ್ಟೂನ್ ಅವನಿಗೊಂದು ಹಿಂದಿನ ಬದುಕು ಕೊಟ್ಟಿತು. ಅವನು ವಿಕ್ಟರ್ ಫ್ರೈಸ್ ಎಂಬ ವಿಜ್ಞಾನಿ. ಹೆಂಡತಿ ನೋರಾಳಿಗೆ ಮದ್ದಿಲ್ಲದ ಕಾಯಿಲೆ. ಮದ್ದು ಸಿಗುವತನಕ ಅವಳನ್ನು ಹಿಮದಲ್ಲಿ ಜೀವಂತ ಉಳಿಸಲು ಅವನು ಕಂಪನಿಯ ಪ್ರಯೋಗಾಲಯದಲ್ಲೇ ಹೆಣಗುತ್ತಾನೆ. ಹಣ ಪೋಲಾಗುತ್ತಿದೆ ಎಂದು ಕಂಪನಿಯ ಮುಖ್ಯಸ್ಥ ಬಂದು ಯಂತ್ರ ನಿಲ್ಲಿಸಲು ಹೇಳುತ್ತಾನೆ. ತಳ್ಳಾಟದಲ್ಲಿ ಫ್ರೈಸ್ ರಾಸಾಯನಿಕಗಳ ನಡುವೆ ಬೀಳುತ್ತಾನೆ. ಅಲ್ಲಿಂದ ಮುಂದೆ ಕೊರೆಯುವ ಚಳಿ ಬಿಟ್ಟು ಅವನು ಬದುಕಲಾರ. ಅದೇ ಮುಖ್ಯಸ್ಥ ಈಗ ಮಾನವೀಯತೆಯ ಪ್ರಶಸ್ತಿ ಪಡೆಯಲು ಸೂಟು ತೊಟ್ಟು ಹೊರಟಿದ್ದಾನೆ. ಬ್ಯಾಟ್‌ಮನ್ ಫ್ರೀಜ್‌ನನ್ನು ಸೋಲಿಸುತ್ತಾನೆ, ಆದರೆ ಮುಖ್ಯಸ್ಥನ ಬಣ್ಣವನ್ನೂ ಎಲ್ಲರೆದುರು ಬಯಲು ಮಾಡುತ್ತಾನೆ. ಕೊನೆಗೆ ಫ್ರೀಜ್ ಸೆರೆಕೋಣೆಯಲ್ಲಿ ಒಬ್ಬನೇ ಕೂತು, ಗಾಜಿನ ಗೋಳದೊಳಗಿನ ಪುಟ್ಟ ನರ್ತಕಿಯನ್ನು ನೋಡುತ್ತಿರುತ್ತಾನೆ.

ಮಗ ಕೇಳಿದ: "ಅಪ್ಪಾ, ಇಂವ ಖರೇನೂ ವಿಲನ್ ಏನು?"

ಇಪ್ಪತ್ತೆರಡು ನಿಮಿಷದ ಕಾರ್ಟೂನು ಹುಟ್ಟಿಸಿದ ಪ್ರಶ್ನೆ ಅದು. ಆ ಚಿತ್ರಕಥೆಗೆ ಡೇಟೈಮ್ ಎಮ್ಮಿ ಪ್ರಶಸ್ತಿಯೂ ಬಂತು. ಆಮೇಲೆ ಕಾಮಿಕ್ಸ್‌ನವರೇ ನೋರಾಳ ಕಥೆಯನ್ನು ತಮ್ಮದಾಗಿಸಿಕೊಂಡರು. 1997ರ 'ಬ್ಯಾಟ್‌ಮನ್ ಆ್ಯಂಡ್ ರಾಬಿನ್' ಸಿನಿಮಾದಲ್ಲೂ ಅವಳಿದ್ದಾಳೆ. ಜೋಕರನ ಜೊತೆಗಾತಿ ಹಾರ್ಲಿ ಕ್ವಿನ್ ಕಥೆಯೂ ಹೀಗೆಯೇ. ಅವಳು ಈ ಸರಣಿಗಾಗಿಯೇ ಹುಟ್ಟಿದ ಪಾತ್ರ. ಕಾಮಿಕ್ಸ್‌ಗೆ ಹೋದದ್ದು ಆಮೇಲೆ.

ಈ ಸರಣಿಯವರು ಮೂಲದಿಂದ ಬಿಟ್ಟದ್ದೂ ಕಡಿಮೆಯಿಲ್ಲ. ಕಾಮಿಕ್ಸ್‌ನ ಒಂದು ಚಿತ್ರದಲ್ಲಿ ಪ್ರತಿ ಸ್ನಾಯುವಿಗೂ, ಬಟ್ಟೆಯ ಪ್ರತಿ ಮಡಿಕೆಗೂ ಗೆರೆ ಹಾಕಬಹುದು. ಕಾರ್ಟೂನಿನಲ್ಲಿ ಆ ಗೆರೆಗಳನ್ನೆಲ್ಲ ಸಾವಿರಾರು ಸಲ ಮತ್ತೆ ಬರೆಯಬೇಕು. ಅದಕ್ಕೇ ಟಿಮ್ ಗೆರೆಗಳನ್ನು ಕಡಿಮೆ ಮಾಡಿ, ಚೌಕ ದವಡೆಯ, ಅಗಲ ಭುಜದ ಸರಳ ಆಕಾರ ಉಳಿಸಿಕೊಂಡರು. ಹಿನ್ನೆಲೆಗಳನ್ನು ಕಪ್ಪು ಹಾಳೆಯ ಮೇಲೆ ಬಿಡಿಸಿದ್ದರಿಂದ ಗೋಥಮ್ ನಗರ ಕತ್ತಲೊಳಗಿಂದಲೇ ಮೂಡಿಬಂದಂತಿದೆ. ಮಕ್ಕಳ ಕಾರ್ಯಕ್ರಮವಾದ್ದರಿಂದ ರಕ್ತ, ಕೊಲೆ ತೋರಿಸುವಂತಿರಲಿಲ್ಲ. ಭಯದ ಕೆಲಸವನ್ನು ನೆರಳು ಮಾಡಿತು, ಹಿಂಸೆಯ ಜಾಗಕ್ಕೆ ದುಃಖ ಬಂತು.

ಇದಕ್ಕೆ ಎದುರು ಇನ್ನೊಂದು ಉದಾಹರಣೆ, ಅದೇ ವರ್ಷ ಶುರುವಾದ 'ಎಕ್ಸ್-ಮೆನ್' ಸರಣಿ. ಅದು ಕಾಮಿಕ್ಸ್‌ನ ದೊಡ್ಡ ಕಥೆಗಳನ್ನೇ ಬೆನ್ನುಹತ್ತಿ ನಡೆಯಿತು. ಅವುಗಳಲ್ಲಿ 'ಡಾರ್ಕ್ ಫೀನಿಕ್ಸ್' ಒಂದು. ಕಾಮಿಕ್ಸ್‌ನಲ್ಲಿ ಜೀನ್ ಗ್ರೇ ತನ್ನೊಳಗಿನ ಶಕ್ತಿಯಿಂದ ಒಂದು ಲೋಕವನ್ನೇ ಸುಟ್ಟವಳು. 1980ರ ಸಂಚಿಕೆಯಲ್ಲಿ ಅವಳು ತಾನಾಗಿ ಸಾವನ್ನು ಆರಿಸಿಕೊಳ್ಳುತ್ತಾಳೆ. ಕಾರ್ಟೂನಿನಲ್ಲಿ ಗೆಳೆಯರೆಲ್ಲ ತಮ್ಮ ಪ್ರಾಣಶಕ್ತಿಯ ಒಂದೊಂದು ಪಾಲು ಕೊಟ್ಟು ಅವಳನ್ನು ಬದುಕಿಸುತ್ತಾರೆ. ಘಟನೆಗಳು ಬಹುಪಾಲು ಮೂಲದವೇ. ಆದರೆ ಅವಳು ತೆತ್ತ ಬೆಲೆ ಹೋಯಿತು. ಫ್ರೀಜ್‌ನ ಕಥೆಯಲ್ಲಿ ಘಟನೆಗಳೆಲ್ಲ ಹೊಸವು, ಮನುಷ್ಯ ಮಾತ್ರ ಮೊದಲ ಸಲ ಸಿಕ್ಕ.

ಹಾಗೆಂದು ಹೊಸದೆಲ್ಲ ಒಳ್ಳೆಯದೂ ಅಲ್ಲ. 2012ರಲ್ಲಿ ಕಾಮಿಕ್ಸ್ ಮತ್ತೆ ತಿರುವು ಕೊಟ್ಟಿತು: ನೋರಾ ಅವನ ಹೆಂಡತಿಯೇ ಅಲ್ಲ, ಎಲ್ಲ ಅವನ ಭ್ರಮೆ. ತಿರುವು ಜಾಣತನದ್ದೇ. ಆದರೆ ಮಗನ ಪ್ರಶ್ನೆಗೆ ಅಲ್ಲಿ ಜಾಗವಿಲ್ಲ, ಹುಚ್ಚನೊಬ್ಬ ಉಳಿಯುತ್ತಾನೆ.

ಇದನ್ನೆಲ್ಲ ಯೋಚಿಸುವಾಗ ನನ್ನ ಹಟ ನನಗೇ ವಿಚಿತ್ರವೆನಿಸಿತು. ಮೂಲ ಬದಲಿಸಬಾರದು ಎನ್ನುವ ನಾನು ಓದಿ ಬೆಳೆದದ್ದು ಯಾವುದನ್ನು? ಪಂಪನ ಭಾರತದಲ್ಲಿ ದ್ರೌಪದಿಗೆ ಐವರಲ್ಲ, ಅರ್ಜುನನೊಬ್ಬನೇ ಗಂಡ. ರನ್ನನ ಗದಾಯುದ್ಧದಲ್ಲಿ ಸೋಲುವ ದುರ್ಯೋಧನನಿಗಾಗಿಯೇ ಮನಸ್ಸು ಮರುಗುತ್ತದೆ. ಇವರ್‍ಯಾರೂ ವ್ಯಾಸರ ನಕಲು ಮಾಡಲಿಲ್ಲ.

ನಮ್ಮಂಥ ಮನೆಗಳ ಮಕ್ಕಳು ಕನ್ನಡ ಮಾತಾಡುತ್ತಾರೆ, ಓದುವುದು ಕಷ್ಟ. ನನ್ನ ಮಗ ಕರ್ಣನನ್ನೂ ಕಂಡದ್ದು ಕಾರ್ಟೂನಿನಲ್ಲೇ, ಹಿಂದಿಯಲ್ಲಿ. ಅವನಿಗೆ ಪಂಪ, ರನ್ನರು ಸಿಗುವುದಿದ್ದರೆ ಸದ್ಯ ನನ್ನ ಬಾಯಿಂದಲೇ ಸಿಗಬೇಕು. ನಾನೂ ಒಂದು ರೂಪಾಂತರವೇ ಮಾಡುತ್ತಿದ್ದೇನೆ. ಏನು ಬಿಡಬೇಕು, ಏನು ಬಿಡಬಾರದು ಎಂಬ ಲೆಕ್ಕ ನನಗೂ ಇದೆ.

ಆ ರಾತ್ರಿ ಗದಾಯುದ್ಧ ಹೇಳಿದೆ. ಯುದ್ಧ ಮುಗಿಯುತ್ತ ಬಂದಿದೆ, ದುರ್ಯೋಧನ ಹೆಣಗಳ ನಡುವೆ ನಡೆಯುತ್ತಿದ್ದಾನೆ. ದ್ರೋಣ, ದುಶ್ಶಾಸನ, ಕರ್ಣ. ಅಭಿಮನ್ಯುವಿನ ಹೆಣವೂ ಎದುರಾಗುತ್ತದೆ, ಆ ಹುಡುಗನ ಶೌರ್ಯಕ್ಕೆ ಅವನು ಕೈ ಮುಗಿಯುತ್ತಾನೆ. ಮಗ ಸ್ವಲ್ಪ ಹೊತ್ತು ಸುಮ್ಮನಿದ್ದ.

"ಅಭಿಮನ್ಯು ಅರ್ಜುನನ ಮಗ ಅಲ್ಲೇನಪ್ಪಾ? ಮತ್ಯಾಕ ಕೈ ಮುಗದಾ?"

ನಾನು ಉತ್ತರ ಹೇಳಲಿಲ್ಲ. ಮರುದಿನ ಮುಂದಿನ ಭಾಗ ಹೇಳು ಎಂದು ಅವನೇ ಬಂದ.